ಬೀಗದ ಕೈ ಯಾರ ಬಳಿ?

ಲೆಕ್ಕಪತ್ರ, ಸದಸ್ಯರ ಪಟ್ಟಿ, ಜಮೀನಿನ ದಾಖಲೆ ಎಲ್ಲವೂ ಇಂದು ಗಣಕಯಂತ್ರದ ಜಾಲತಾಣಗಳನ್ನು ಸೇರಿವೆ. ಅಲ್ಲಿ ನೋಡುವ ಹಕ್ಕು ಒಬ್ಬರದು, ಬರೆಯುವ ಹಕ್ಕು ಇನ್ನೊಬ್ಬರದು, ಎಲ್ಲವನ್ನೂ ಬದಲಿಸಬಲ್ಲ ಹಕ್ಕು ‘ಅಡ್ಮಿನ್’ ಎನಿಸಿಕೊಂಡವರದು. ಈ ಹಕ್ಕುಗಳನ್ನು ಹಂಚುವಾಗ ಏಳುವ ಪ್ರಶ್ನೆ ಯಂತ್ರಕ್ಕೆ ಸೇರಿದ್ದಲ್ಲ, ನೀತಿಗೆ ಸೇರಿದ್ದು. ನಾವು ನಂಬಿದ ಮನುಷ್ಯನ ಅಧಿಕಾರಕ್ಕೆ ಮಿತಿ ಹಾಕುವುದು ಅವನಿಗೆ ಮಾಡಿದ ಅವಮಾನವೆ?

ಅವಮಾನವೆಂದೇ ಹಲವರ ಭಾವನೆ. ‘ನನ್ನ ಮೇಲೆ ನಂಬಿಕೆಯಿಲ್ಲವೆ?’ ಎಂಬ ಮಾತಿಗೆ ನಮ್ಮಲ್ಲಿ ಬಹಳ ತೂಕ. ಆದರೆ ಬ್ಯಾಂಕಿನ ಲಾಕರನ್ನು ನೆನೆಯಿರಿ. ಒಂದು ಕೀಲಿ ನಮ್ಮದು, ಇನ್ನೊಂದು ಬ್ಯಾಂಕಿನದು. ಎರಡೂ ಕೂಡದೆ ಬಾಗಿಲು ತೆರೆಯದು. ಇದರಿಂದ ಯಾರೂ ಕಳ್ಳರೆನಿಸಿಕೊಳ್ಳಲಿಲ್ಲ. ಸಂದೇಹ ಎದ್ದ ದಿನ ನಿರಪರಾಧಿ ನೌಕರನನ್ನು ಕಾಪಾಡುವುದೂ ಆ ಎರಡನೆಯ ಕೀಲಿಯೇ. ಅಮೆರಿಕದ ಸಾಲ್ಟ್ಸರ್ ಮತ್ತು ಶ್ರೋಡರ್ ಎಂಬ ವಿದ್ವಾಂಸರು ಗಣಕಗಳ ರಕ್ಷಣೆಯ ಬಗ್ಗೆ 1975ರಲ್ಲಿ ಬರೆದ ಪ್ರಬಂಧದಲ್ಲಿ ಇದನ್ನು ಸೂತ್ರವಾಗಿಸಿದರು: ಯಾರಿಗೇ ಆಗಲಿ, ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಗಣಕಕ್ಕೆ ಏರಿದಾಗ, ದಾಖಲೆ ತಿದ್ದುವ ನೌಕರ ಬೆರಳಚ್ಚು ಒತ್ತಿಯೇ ಒಳಹೋಗಬೇಕೆಂಬ ಏರ್ಪಾಡಾಯಿತು. ಮಾಡಿದವನು ‘ನಾನಲ್ಲ’ ಎನ್ನುವಂತಿಲ್ಲ. ಮಾಡದವನ ಮೇಲೆ ಅಪವಾದ ಹೊರಿಸುವಂತೆಯೂ ಇಲ್ಲ.

ಹಾಗೆಂದು ಮಿತಿಯೊಂದೇ ನ್ಯಾಯವಾಗದು. ಅದಕ್ಕೆ ನಾವು ನೆಲೆಸಿರುವ ಈ ತೆಲಂಗಾಣವೇ ಸಾಕ್ಷಿ. ಇಲ್ಲಿ 2020ರ ಸೆಪ್ಟೆಂಬರಿನಲ್ಲಿ ಗ್ರಾಮ ಕಂದಾಯಾಧಿಕಾರಿಗಳ ಹುದ್ದೆಗಳನ್ನೇ ರದ್ದು ಮಾಡಿ, ಅಕ್ಟೋಬರ್ 29ರಂದು ‘ಧರಣಿ’ಯನ್ನು ಆರಂಭಿಸಲಾಯಿತು. ಲಂಚವನ್ನು ತಡೆಯುವುದು ಉದ್ದೇಶ. ಆದರೆ ಹೆಸರೋ ವಿಸ್ತೀರ್ಣವೋ ತಪ್ಪಾಗಿ ದಾಖಲಾದ ರೈತ ತಹಸೀಲ್ದಾರರ ಬಳಿ ಹೋದರೆ, ತಿದ್ದುವ ಅಧಿಕಾರ ಬಹುಮಟ್ಟಿಗೆ ಜಿಲ್ಲಾಧಿಕಾರಿಗಳ ಕೈಯಲ್ಲಿತ್ತು. ಅರ್ಜಿಗಳು ರಾಶಿಬಿದ್ದವು. 2024ರಲ್ಲಿ ಆ ಅಧಿಕಾರವನ್ನು ಕೆಳಗಿನ ಹಂತಗಳಿಗೂ ಹಂಚಬೇಕಾಯಿತು. 2025ರ ಏಪ್ರಿಲ್ 14ರಂದು ಧರಣಿಯ ಸ್ಥಾನಕ್ಕೆ, ಮೇಲ್ಮನವಿಯ ಅವಕಾಶದೊಡನೆ, ‘ಭೂಭಾರತಿ’ ಬಂದಿತು. ಕಳ್ಳನಿಗೆ ಹೆದರಿ ಬಾಗಿಲಿದ್ದಲ್ಲಿ ಗೋಡೆ ಎಬ್ಬಿಸಿದರೆ ಮನೆಯವನೂ ಹೊರಗೇ ಉಳಿಯುತ್ತಾನೆ.

ಆದ್ದರಿಂದ ಅಧಿಕಾರವನ್ನು ಹಂಚುವವರು ಎರಡನ್ನು ಕೇಳಿಕೊಳ್ಳಬೇಕು. ಇವರು ದುರುಪಯೋಗ ಮಾಡಿದರೆ ತಿಳಿಯುವುದು ಹೇಗೆ? ಇವರ ಬಳಿ ಅಧಿಕಾರವಿಲ್ಲದಿದ್ದರೆ ತೊಂದರೆಗೊಳಗಾಗುವವರು ಯಾರು? ಮೊದಲನೆಯದನ್ನು ಮಾತ್ರ ಕೇಳಿದರೆ ಕಾವಲುಗಾರರಾಗುತ್ತೇವೆ, ಸೇವಕರಾಗುವುದಿಲ್ಲ.

ನಮ್ಮಂಥ ಸಂಘಗಳಿಗೂ ಇದು ಅನ್ವಯಿಸುತ್ತದೆ. ಪಾಸ್‌ವರ್ಡ್ ಒಬ್ಬರಿಗೇ ಗೊತ್ತಿದ್ದರೆ ಅವರು ಊರು ಬಿಟ್ಟ ದಿನ ಸಂಘಕ್ಕೆ ಬೀಗ. ಹತ್ತು ಜನರಿಗೂ ಒಂದೇ ಪಾಸ್‌ವರ್ಡ್ ಇದ್ದರೆ ಯಾರು ಏನನ್ನು ಅಳಿಸಿದರೆಂದು ಹೇಳುವವರಿಲ್ಲ. ಅವಧಿ ಮುಗಿದ ಕಾರ್ಯದರ್ಶಿಗಳು ಕಡತ, ಮೊಹರುಗಳನ್ನು ಒಪ್ಪಿಸುವುದು ರೂಢಿಯಲ್ಲಿದೆ. ಅವುಗಳ ಜೊತೆಗೆ ಅಡ್ಮಿನ್ ಹಕ್ಕನ್ನೂ ಒಪ್ಪಿಸುವ ರೂಢಿ ಬರಬೇಕಾಗಿದೆ. ಕೇಳುವವರಿಗೆ ಸಂಕೋಚ ಬೇಡ, ಕೊಡುವವರಿಗೆ ನೋವು ಬೇಡ.