ತಕ್ಕಡಿಗೆ ಮುದ್ರೆ, ಖೋಲಿಗೆ?

ವ್ಯಾಪಾರಿಯ ತಕ್ಕಡಿಯನ್ನು ಸರ್ಕಾರ ಪರೀಕ್ಷಿಸಿ ಮುದ್ರೆ ಒತ್ತುತ್ತದೆ. ಮನುಷ್ಯರು ಮಲಗುವ ಬಾಡಿಗೆ ಖೋಲಿಯನ್ನು ಯಾರು ನೋಡ್ತಾರ?

ತಿಕೋಟಾ, ಬಬಲೇಶ್ವರದ ಕಡೆಯಿಂದ ಓದಲು, ದುಡಿಯಲು ವಿಜಯಪುರಕ್ಕೆ ಬರುವ ನಮಗೆ ಮೊದಲ ಪ್ರಶ್ನೆ: 'ನೀವು ಯಾರ ಪೈಕಿ?' ಅಸ್ಪೃಶ್ಯತೆಯ ನೆಪದಲ್ಲಿ ಮನೆ ತಪ್ಪಿಸುವುದು 1955ರ ನಾಗರಿಕ ಹಕ್ಕುಗಳ ಕಾಯ್ದೆಯಂತೆ ಅಪರಾಧ. ಆದರೂ ಕೇಳ್ತಾರ. ಹತ್ತು ಬಾಗಿಲು ತಟ್ಟಿ ಸಿಕ್ಕ ಖೋಲಿ ಸೋರಿದರೂ ಬಾಯಿ ಬಿಡುವಂತಿಲ್ಲ. ಬಿಟ್ಟರ ಖೋಲಿನೂ ಬಿಡಬೇಕು.

ಮನೆಯನ್ನು ಸುಸ್ಥಿತಿಯಲ್ಲಿಡುವುದು ಮಾಲೀಕನ ಹೊಣೆ ಎನ್ನುತ್ತದೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಆದರೆ ದೂರಿಗಾಗಿ ಕಾಯುವ ಕಾನೂನು ದುರ್ಬಲರನ್ನೇ ಕಾವಲಿಗೆ ನಿಲ್ಲಿಸುತ್ತದೆ. ಕರೆಯದೆಯೇ ಬಂದು ನೋಡುವ ತಪಾಸಣೆಯವರು ಬೇಕು. ರೊಕ್ಕ ಎಲ್ಲಿಂದ ಅಂತೀರಾ? ಪಾಲಿಕೆಯ ಆಸ್ತಿ ತೆರಿಗೆಯಿಂದ. ಅದರೊಳಗ ನಮ್ಮ ಬಾಡಿಗೆಯ ಬೆವರೂ ಅದ. ತೆರಿಗೆಗೆ ಚದರಡಿ ಎಣಿಸುವವರು ಕಿಟಕಿಯನ್ನೂ ಎಣಿಸಲಿ.