ಕಾಲೇಜು ಬಿಟ್ಟವರ ಪರೀಕ್ಷೆ ಯಾರು ಮಾಡಬೇಕು?

ಪದವಿಯ ಕಾಗದಕ್ಕೆ ಬೆಂಗಳೂರಿಗಿಂತ ಕಲಬುರಗಿಯಲ್ಲಿ ಬೆಲೆ ಹೆಚ್ಚು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿಯ ಅಡಿಯಲ್ಲಿ 2013ರಲ್ಲಿ ಹೊರಟ ಆದೇಶಗಳು ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಬಿ ಗುಂಪಿನ ಶೇ 75, ಸಿ ಗುಂಪಿನ ಶೇ 80, ಡಿ ಗುಂಪಿನ ಶೇ 85 ಪಾಲನ್ನು ಸ್ಥಳೀಯರಿಗೇ ಮೀಸಲಿಟ್ಟವು. ಇಲ್ಲಿನ ಕಾಲೇಜು ಸೀಟುಗಳಲ್ಲಿ ಶೇ 70 ಸ್ಥಳೀಯರವೇ. ದಶಕಗಳ ಕಾಲ ಕೂಗಾಡಿ ಪಡೆದ ಸವಲತ್ತು ಇದು. ಇದನ್ನು ಕೈಗೆ ತೆಗೆದುಕೊಳ್ಳಲು ಎರಡು ಕಾಗದ ಬೇಕು: ಒಂದು 371ಜೆ ಪ್ರಮಾಣಪತ್ರ, ಇನ್ನೊಂದು ಅಂಕಪಟ್ಟಿ. ಹೀಗಿರುವಾಗ ಜೇವರ್ಗಿ ಕಾಲೋನಿಯ ಬಾಡಿಗೆ ಕೋಣೆಯಲ್ಲಿರುವ ಎರಡನೇ ವರ್ಷದ ಹುಡುಗನೋ ಕಮಲಾಪುರದಿಂದ ಬೀದರ್ ರೈಲು ಹಿಡಿದು ಬರುವ ಹುಡುಗಿಯೋ ‘ಇಲ್ಲಿ ಏನೂ ಕಲಿಯುತ್ತಿಲ್ಲ, ಬಿಟ್ಟು ನಾನೇ ಕಲಿಯುತ್ತೇನೆ, ದುಡಿಯುತ್ತೇನೆ’ ಎಂದರೆ ಮನೆಯವರ ಎದೆ ಧಸಕ್ಕೆನ್ನುವುದು ಅಜ್ಞಾನದಿಂದಲ್ಲ, ಲೆಕ್ಕದಿಂದ. ಆದರೆ ಆ ಮಕ್ಕಳ ದೂರೂ ಬಹಳ ಸಲ ನಿಜವೇ. ಒಂದೇ ಸಂಸ್ಥೆಯ ಕೈಯಲ್ಲಿ ನಾವು ಎರಡು ಕೆಲಸ ಇಟ್ಟಿದ್ದೇವೆ: ಕಲಿಸುವುದು, ಮತ್ತು ಕಲಿತಿದ್ದಾನೆಂದು ಸಾಕ್ಷಿ ಹೇಳುವುದು. ಮೊದಲನೆಯದು ಹದಗೆಟ್ಟರೂ ಎರಡನೆಯದರ ಆಸೆಗೆ ಜನ ಅಲ್ಲೇ ಕೂತಿರಬೇಕಾಗುತ್ತದೆ. ಇವೆರಡನ್ನೂ ಬಿಡಿಸದೆ ‘ಕಾಲೇಜು ಬಿಡಬೇಕೇ ಬೇಡವೇ’ ಎಂಬ ಚರ್ಚೆ ಮಾಡಿದರೆ ಎಲ್ಲಿಗೂ ಮುಟ್ಟುವುದಿಲ್ಲ.

ಕಲಿಸುವ ಕೆಲಸ ಹದಗೆಟ್ಟಿದೆ ಎಂದು ಸುಮ್ಮನೆ ಹೇಳುತ್ತಿಲ್ಲ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆಯುತ್ತಿವೆ. 2023ರ ಕೊನೆಯಲ್ಲಿ ಅವರು ಸೇವೆ ಕಾಯಂ ಮಾಡಿ ಎಂದು ತರಗತಿ ಬಹಿಷ್ಕರಿಸಿದಾಗ ಹಲವು ಕಡೆ ಪಾಠವೇ ನಿಂತಿತು. ಅವರ ಬೇಡಿಕೆ ನ್ಯಾಯವಾದದ್ದು, ಅದು ಬೇರೆ ಮಾತು. ಪಾಠವಿಲ್ಲದ ದಿನಗಳಿಗಾಗಿ ವಿದ್ಯಾರ್ಥಿಯ ಪದವಿಯಲ್ಲಿ ಏನಾದರೂ ಕಡಿತವಾಯಿತೇ? ಆಗಲಿಲ್ಲ, ಆಗಬಾರದು ಕೂಡ. ಆದರೆ ಪಾಠವಿರುವ ದಿನ ಆತ ಬಾರದಿದ್ದರೆ ಹಾಲ್ ಟಿಕೆಟ್ ತಡೆಯುತ್ತಾರೆ. ಎಂಜಿನಿಯರಿಂಗಿನಲ್ಲಿ ವಿಟಿಯು ಕೇಳುವುದು ಶೇ 85 ಹಾಜರಾತಿ. ಅಂದರೆ ನಿಯಮ ಅಳೆಯುವುದು ಬೆಂಚಿನ ಮೇಲಿರುವ ದೇಹವನ್ನು. ತಲೆಯೊಳಗೆ ಏನು ಹೋಯಿತೆಂಬುದನ್ನು, ಆಂತರಿಕ ಅಂಕ ಬಿಟ್ಟರೆ, ಸೆಮಿಸ್ಟರ್ ಕೊನೆಗೆ ಮೂರು ಗಂಟೆ ನೋಡುತ್ತದೆ, ಅಷ್ಟೆ.

ಇದಕ್ಕೆ ಎದುರಾಗಿ ಕಾಲೇಜಿನ ಹೊರಗಿನ ಕಲಿಕೆ ಹೇಗಿರುತ್ತದೆಂದು ತುಸು ಹತ್ತಿರದಿಂದ ನೋಡಬೇಕು. ಮೋಟಾರ್ ವೈಂಡಿಂಗ್ ಅಂಗಡಿಯನ್ನೇ ತೆಗೆದುಕೊಳ್ಳೋಣ. ಕೆಂಪು ಬಾಳೆಗೆ ಹೆಸರಾದ ಕಮಲಾಪುರದಂಥ ಊರಲ್ಲಿ ಬೇಸಿಗೆಯ ನೀರು ಇಂಥ ಅಂಗಡಿಯನ್ನೂ ನಂಬಿಕೊಂಡಿರುತ್ತದೆ. ವೋಲ್ಟೇಜ್ ಕುಸಿದು ಅಥವಾ ಮೂರು ಫೇಸಿನಲ್ಲಿ ಒಂದು ಹೋಗಿ ಸುಟ್ಟ ಮೋಟಾರು ಬಂದರೆ ಅಂಗಡಿಯ ಹುಡುಗ ಮೊದಲು ಹಳೇ ಸುರುಳಿ ಬಿಚ್ಚುತ್ತಾನೆ. ಬಿಚ್ಚುವಾಗಲೇ ಎಷ್ಟು ಸುತ್ತು, ತಂತಿಯ ಗೇಜ್ ಎಷ್ಟು, ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಹೋಗಿದೆ ಎಂದು ಎಣಿಸಿ ಬರೆದಿಟ್ಟುಕೊಳ್ಳುತ್ತಾನೆ. ಸ್ಲಾಟಿಗೆ ಕಾಗದ ಹಾಕಿ, ಹೊಸ ಸುರುಳಿ ಕೂರಿಸಿ, ದಾರ ಬಿಗಿದು, ವಾರ್ನಿಷ್ ಕುಡಿಸಿ ಒಣಗಿಸಿ, ಕ್ಲ್ಯಾಂಪ್ ಮೀಟರಿನಲ್ಲಿ ಮೂರೂ ಫೇಸಿನ ಆಂಪಿಯರ್ ಸಮ ಇದೆಯೇ ನೋಡುತ್ತಾನೆ. ಇಲ್ಲಿ ಪರೀಕ್ಷೆ ಅಂದೇ ನಡೆಯುತ್ತದೆ. ಮೋಟಾರು ತಿರುಗಬೇಕು, ಬಿಸಿಯಾಗಬಾರದು. ತಪ್ಪಿದರೆ ರೈತ ಎರಡೇ ದಿನಕ್ಕೆ ಅಂಗಡಿ ಮುಂದೆ ನಿಲ್ಲುತ್ತಾನೆ, ಅವನ ಎದುರು ಗ್ರೇಸ್ ಮಾರ್ಕ್ಸ್ ನಡೆಯುವುದಿಲ್ಲ. ಸ್ವಂತ ಕಲಿಕೆಯ ಪರ ನನಗೆ ತೋರುವ ಬಲವಾದ ವಾದ ಇದೇ. ‘ಆಸಕ್ತಿಯಿಂದ ಕಲಿತದ್ದು ನಿಲ್ಲುತ್ತದೆ’ ಎಂಬ ಸವಕಲು ಮಾತಿಗಿಂತ, ಕೆಲಸ ತನ್ನ ತಪ್ಪನ್ನು ತಾನೇ ತೋರಿಸಿಕೊಡುತ್ತದೆ ಎಂಬುದು ಹೆಚ್ಚು ತೂಕದ ಮಾತು.

ಅದೇ ಅಂಗಡಿಯಲ್ಲಿ ಈ ಕಲಿಕೆಯ ಮಿತಿಯೂ ಕಾಣುತ್ತದೆ. ಹುಡುಗ ಹಳೆಯ ಸುತ್ತುಗಳನ್ನು ಎಣಿಸಿ ಅಷ್ಟೇ ಸುತ್ತುತ್ತಾನೆ. ಅವನಿಗಿಂತ ಮೊದಲು ಸುತ್ತಿದವನು ತಂತಿ ಉಳಿಸಲು ಹತ್ತು ಸುತ್ತು ಕಡಿಮೆ ಹಾಕಿದ್ದರೆ ಇವನೂ ಅಷ್ಟೇ ಹಾಕುತ್ತಾನೆ. ಮೋಟಾರು ಹೊರಡುತ್ತದೆ, ಆದರೆ ಹೆಚ್ಚು ಕರೆಂಟು ಎಳೆಯುತ್ತದೆ, ಬೇಗ ಸುಡುತ್ತದೆ. ಸುತ್ತಿಗೂ ವೋಲ್ಟೇಜಿಗೂ ಕಬ್ಬಿಣದೊಳಗಿನ ಕಾಂತಕ್ಷೇತ್ರಕ್ಕೂ ಇರುವ ಲೆಕ್ಕ ಗೊತ್ತಿದ್ದವನಿಗೆ ಮಾತ್ರ ಹಳೆಯವನ ಕಳ್ಳಾಟ ಹಿಡಿಯಲು ಬರುತ್ತದೆ. ಆ ಲೆಕ್ಕ ಪುಸ್ತಕದಲ್ಲಿದೆ, ಐಐಟಿಗಳ ಎನ್‌ಪಿಟಿಇಎಲ್ ಪಾಠಗಳಲ್ಲಿ ಬಿಟ್ಟಿಯಾಗಿಯೂ ಸಿಗುತ್ತದೆ. ಆದರೆ ತನಗೆ ಅದು ಬೇಕೆಂದು ಅವನಿಗೆ ಗೊತ್ತಾಗಬೇಕಲ್ಲ? ಕಾಲೇಜು ಬಿಟ್ಟವನಿಗೆ ತಪ್ಪಿಹೋಗುವುದು ಮಾಹಿತಿ ಅಲ್ಲ. ‘ನಿನಗೆ ಇದು ಗೊತ್ತಿಲ್ಲ’ ಎಂದು ಹೇಳುವವರು ತಪ್ಪಿಹೋಗುತ್ತಾರೆ.

ಕನ್ನಡದಲ್ಲಿ ಈ ವಿಷಯ ಬಂದಾಗಲೆಲ್ಲ ದೊಡ್ಡವರ ಹೆಸರು ಹೇಳುವುದು ರೂಢಿ. ಶಿವರಾಮ ಕಾರಂತರು ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟರು, ಮುಂದೆ ಒಬ್ಬರೇ ಕೂತು ಮಕ್ಕಳಿಗೆ ‘ಬಾಲ ಪ್ರಪಂಚ’ ಬರೆದರು, 1977ರಲ್ಲಿ ಜ್ಞಾನಪೀಠ ಪಡೆದರು. ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ದಾಟದವರು, 1961ರಲ್ಲಿ ಮೈಸೂರು ವಿಶ್ವವಿದ್ಯಾಲಯವೇ ಅವರಿಗೆ ಡಿ.ಲಿಟ್. ಕೊಟ್ಟಿತು. ಮಂಜೇಶ್ವರದ ಗೋವಿಂದ ಪೈಗಳು ಬಿ.ಎ. ಮುಗಿಸದೆ ಊರಿಗೆ ಮರಳಿದರು, ಹಲವಾರು ಭಾಷೆ ಕಲಿತರು, 1949ರಲ್ಲಿ ರಾಷ್ಟ್ರಕವಿಯಾದರು. ಇವರನ್ನು ತೋರಿಸಿ ‘ಬಿಡು, ಗೆಲ್ಲುತ್ತೀಯೆ’ ಎನ್ನುವುದು ತರ್ಕವಲ್ಲ. ಬಿಟ್ಟು ಎಲ್ಲೂ ಮುಟ್ಟದವರ ಹೆಸರು ನಮಗೆ ಗೊತ್ತೇ ಇರುವುದಿಲ್ಲ. ಆದರೂ ಈ ಮೂವರನ್ನು ನೋಡಿ ಕಲಿಯುವುದೊಂದಿದೆ. ಪೈಗಳಿಗೆ ಆಸ್ತಿ ಇತ್ತು, ಮನೆ ತುಂಬ ಪುಸ್ತಕ ಇದ್ದವು. ಗುಂಡಪ್ಪನವರಿಗೆ ಸಂಸ್ಕೃತ ಹೇಳಿಕೊಡುವ ವಿದ್ವಾಂಸರು ಸಿಕ್ಕರು, ಪತ್ರಿಕೆ ನಡೆಸಿದ್ದರಿಂದ ಪ್ರತಿ ಸಂಚಿಕೆಯ ತಪ್ಪು ಮರುದಿನವೇ ಓದುಗರ ಕೈಯಲ್ಲಿ ಇರುತ್ತಿತ್ತು. ಕಾರಂತರು ನಾಟಕ, ಪತ್ರಿಕೆ, ಯಕ್ಷಗಾನ ಎಂದು ಊರೂರು ಅಲೆದರು. ಮೇಳದವರ ಮುಂದೆ ಅರೆಬರೆ ತಿಳಿದವನ ಮಾತು ನಡೆಯುವುದಿಲ್ಲ. ಅವರು ಬಿಟ್ಟದ್ದು ಕಾಲೇಜನ್ನು, ಪರೀಕ್ಷಿಸುವವರನ್ನಲ್ಲ. ಹಾರ್ವರ್ಡ್ ಬಿಟ್ಟ ಅಮೆರಿಕದ ಕಂಪ್ಯೂಟರ್ ಕುಬೇರರ ಕತೆಯನ್ನು ನಾನು ಇಲ್ಲಿ ಎಳೆಯುವುದಿಲ್ಲ. ಬಿಟ್ಟ ದಿನವೇ ಕೈಯಲ್ಲಿ ಕಂಪನಿ ಇದ್ದವರ ಲೆಕ್ಕ ಬೇರೆ.

ಇದೇ ಕಲಬುರಗಿ ಜಿಲ್ಲೆಯ ಮಳಖೇಡದ ಆಸ್ಥಾನದಲ್ಲಿ ಒಂಬತ್ತನೇ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗ, ಕ್ರಮವಾಗಿ ಓದದವರೂ ಕಾವ್ಯದಲ್ಲಿ ನುರಿತವರೆಂದು ಈ ನಾಡಿನವರನ್ನು ಹೊಗಳಿದ್ದನ್ನು ಸಭೆಗಳಲ್ಲಿ ಎದೆಯುಬ್ಬಿಸಿ ಹೇಳುತ್ತೇವೆ. ಹಾಗೆ ಹೇಳುವವರು ಆ ಕೃತಿಯ ಉಳಿದ ಭಾಗ ಏನು ಮಾಡುತ್ತದೆಂದು ಹೇಳುವುದು ಕಡಿಮೆ. ಅದು ಕಾವ್ಯದ ದೋಷ ಯಾವುದು, ಗುಣ ಯಾವುದು, ಅಲಂಕಾರ ಯಾವುದು ಎಂದು ಒಂದೊಂದಾಗಿ ವಿಂಗಡಿಸುವ ಗ್ರಂಥ. ಎಲ್ಲಿ ಓದಿದೆ ಎಂದು ಅದು ಕೇಳುವುದಿಲ್ಲ. ಬರೆದದ್ದು ಹೇಗಿದೆ ಎಂದು ಮಾತ್ರ ಬಿಡದೆ ಕೇಳುತ್ತದೆ. ನಮ್ಮ ನೇಮಕಾತಿ ಅಧಿಸೂಚನೆಗಳು ಇದನ್ನು ತಿರುವುಮುರುವು ಮಾಡಿವೆ. ಎಲ್ಲಿ ಓದಿದೆ ಎಂದು ಬಿಗಿಯಾಗಿ ಕೇಳುತ್ತವೆ, ಏನು ಬರುತ್ತದೆ ಎಂಬುದನ್ನು ಸಡಿಲ ಬಿಡುತ್ತವೆ.

ಹೊರಗೆ ಕಲಿತವನು ಒಳಗೆ ಬಂದು ಪರೀಕ್ಷೆಗೆ ಕೂರುವ ದಾರಿ ನಮ್ಮಲ್ಲಿ ಇರಲೇ ಇಲ್ಲವೆಂದಲ್ಲ. ಎಸ್‌ಎಸ್‌ಎಲ್‌ಸಿಗೆ ಇವತ್ತಿಗೂ ಖಾಸಗಿಯಾಗಿ ಕಟ್ಟಬಹುದು. ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನಡೆಸುವ ಎಎಂಐಇ ಪರೀಕ್ಷೆ ಬರೆದು, ಕಾರ್ಖಾನೆಯಲ್ಲಿ ದುಡಿಯುತ್ತಲೇ ಎಂಜಿನಿಯರ್ ಎನಿಸಿಕೊಂಡವರು ದೇಶದಲ್ಲೆಲ್ಲ ಇದ್ದಾರೆ. ಆದರೆ 2013ರ ಮೇ 31ರ ನಂತರ ಸೇರಿದವರಿಗೆ ಅದು ಎಂಜಿನಿಯರಿಂಗ್ ಪದವಿಗೆ ಸಮವೆಂಬ ಕೇಂದ್ರ ಸರ್ಕಾರದ ಮಾನ್ಯತೆ ಸಿಗದಂತಾಯಿತು. 371ಜೆ ಆದೇಶಗಳು ಹೊರಟದ್ದೂ ಅದೇ ವರ್ಷವೇ! ಇನ್ನೊಂದೆಡೆ ಲೆಕ್ಕಪರಿಶೋಧಕರ ಕ್ಷೇತ್ರ ನೋಡಿ. ಪಿಯುಸಿ ಮುಗಿಸಿ ಫೌಂಡೇಷನ್ ಪರೀಕ್ಷೆ ಪಾಸು ಮಾಡಿದವರು ಮುಂದೆ ಒಬ್ಬ ಸಿಎ ಕೈಕೆಳಗೆ ಆರ್ಟಿಕಲ್‌ಶಿಪ್ ಮಾಡುತ್ತ, ನಿಜವಾದ ವ್ಯಾಪಾರಿಗಳ ಖಾತೆಪುಸ್ತಕ ಬಿಚ್ಚಿ ಕೂರುತ್ತ ಸಿಎ ಆಗಬಹುದು. ಬಿ.ಕಾಂ. ಕಡ್ಡಾಯವಲ್ಲ. ಆ ಪರೀಕ್ಷೆ ಸುಲಭವೆಂದು ಯಾರೂ ಹೇಳರು, ಆ ಸಹಿಗೆ ಬ್ಯಾಂಕು ಬೆಲೆ ಕೊಡುತ್ತದೆ. ಕೆಲಸ, ಓದು, ಕಠಿಣ ಪರೀಕ್ಷೆ ಈ ಮೂರನ್ನೂ ಕಾಲೇಜಿನ ಗೋಡೆಯಿಲ್ಲದೆ ಜೋಡಿಸಬಹುದೆಂಬುದಕ್ಕೆ ನಮ್ಮ ಕಣ್ಣೆದುರಿಗಿರುವ ಪುರಾವೆ ಇದು.

ಹೊಸ ಶಿಕ್ಷಣ ನೀತಿ ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ ಕೊಟ್ಟು ಹೊರಹೋಗಲು ಬಿಡುತ್ತೇನೆಂದಿತು. ಕರ್ನಾಟಕ 2021ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಹಿಡಿದು, 2024ರಲ್ಲಿ ಮೂರು ವರ್ಷದ ಪದವಿಗೇ ಮರಳಿತು. ಅದರ ಬಗ್ಗೆ ನನಗೆ ಅಂಥ ದುಃಖವಿಲ್ಲ. ಕೂತ ವರ್ಷಗಳನ್ನು ಎಣಿಸಿ ಕಾಗದ ಕೊಡುವುದು ಒಂದು, ಹೊರಗೆ ಕಲಿತದ್ದನ್ನು ಪರೀಕ್ಷಿಸಿ ಒಪ್ಪುವುದು ಇನ್ನೊಂದು. ನೀತಿ ಮೊದಲನೆಯದರ ಬಗ್ಗೆಯೇ ಹೆಚ್ಚು ಮಾತಾಡಿತು.

ಹೊರಗೆ ಕಲಿತವರನ್ನೂ ಪರೀಕ್ಷಿಸಿ ಒಪ್ಪೋಣವೆಂದರೆ ಏಳುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಹಾಜರಾತಿ ತೆಗೆದು ಬರೀ ಪರೀಕ್ಷೆ ಇಟ್ಟರೆ ಗೈಡು, ಚೀಟಿ, ಬ್ಲೂಟೂತ್ ರಾಜ್ಯವಾಳುತ್ತವೆ ಎನ್ನುತ್ತಾರೆ. ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗೆ ನಡೆದ ಪರೀಕ್ಷೆಯ ಅಕ್ರಮದ ಜಾಡು ಮೊದಲು ಸಿಕ್ಕಿದ್ದು ಈ ನಗರದ ಕೇಂದ್ರವೊಂದರಲ್ಲಿ. ಆದರೆ ಆ ಪರೀಕ್ಷೆ ಬರೆಯಲು ಪದವಿ ಕಡ್ಡಾಯವಾಗಿತ್ತೆಂಬುದನ್ನು ಮರೆಯಬಾರದು. ಅಲ್ಲಿ ಕೂತವರಲ್ಲಿ ಹೆಚ್ಚಿನವರು ಹಾಜರಾತಿ ತುಂಬಿಸಿ ಬಂದವರೇ. ಬೆಂಚು ಪ್ರಾಮಾಣಿಕತೆಯನ್ನು ಕಲಿಸಲಿಲ್ಲ. ಓಎಂಆರ್ ಹಾಳೆ ತಿದ್ದುವುದು ಸುಲಭ. ಇಬ್ಬರು ಪರೀಕ್ಷಕರೆದುರು ಸುಟ್ಟ ಮೋಟಾರು ಬಿಚ್ಚಿ, ಸುತ್ತಿನ ಲೆಕ್ಕ ಹೇಳಿ, ‘ಏಕೆ’ ಎಂಬ ಮೂರನೇ ಪ್ರಶ್ನೆಗೂ ಉತ್ತರ ಕೊಡುವುದನ್ನು ತಿದ್ದುವುದು ಅಷ್ಟು ಸುಲಭವಲ್ಲ. ಹೊರಗಿನವರಿಗೆ ಬಾಗಿಲು ತೆರೆದರೆ ಪರೀಕ್ಷೆ ಈಗಿನದಕ್ಕಿಂತ ಕಠಿಣವಾಗಬೇಕು, ಖರ್ಚೂ ಹೆಚ್ಚುತ್ತದೆ. ಆ ಖರ್ಚು ಬೇಡವೆನ್ನುವವರು ಕಾಲೇಜಿನ ಮೇಲಿನ ಕಾಳಜಿಯಿಂದ ಮಾತಾಡುತ್ತಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ, ಅದನ್ನು ನಾನು ಪೂರ್ತಿ ಕಳಚಿ ಹಾಕಲಾರೆ. ಇಲ್ಲಿ ಕಾಲೇಜೆಂದರೆ ಪಾಠ ಮಾತ್ರವಲ್ಲ. ಬಡ ಹುಡುಗನಿಗೆ ಅದು ಸರ್ಕಾರಿ ಹಾಸ್ಟೆಲ್ಲಿನ ಹಾಸಿಗೆ, ಎರಡು ಹೊತ್ತಿನ ಊಟ, ವಿದ್ಯಾರ್ಥಿವೇತನ, ಬಸ್ ಪಾಸು. ಹೆಸರು ತೆಗೆಸಿದ ದಿನ ಇವೆಲ್ಲ ಹೋಗುತ್ತವೆ. ಹುಡುಗಿಗಂತೂ ಬೆಳಿಗ್ಗೆ ಮನೆಯಿಂದ ಹೊರಡಲು ಊರು ಒಪ್ಪುವ ಕಾರಣವೇ ಕಾಲೇಜು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಅವಳ ಬಸ್ ಪ್ರಯಾಣ ಬಿಟ್ಟಿಯಾಯಿತು, ಆದರೆ ಟಿಕೆಟ್ಟು ಬಿಟ್ಟಿಯಾದರೆ ಸಾಲದು, ಹೋಗಲು ನೆಪವೂ ಬೇಕು. ಅವಳು ಕಾಲೇಜು ಬಿಟ್ಟು ಮನೆಯಲ್ಲೇ ಕಲಿಯುತ್ತೇನೆಂದರೆ ಬಂಧುಬಳಗ ಅದನ್ನು ‘ಸಾಲಿ ಬಿಟ್ಟಾಳ, ಇನ್ನ ವರ ನೋಡ್ರಿ’ ಎಂದು ಓದಿಕೊಳ್ಳುತ್ತದೆ. ಇದು ಗೊತ್ತಿದ್ದೂ ಹೆಣ್ಣುಮಕ್ಕಳಿಗೆ ‘ಬಿಡು’ ಎಂದು ಉಪದೇಶಿಸುವವನು ಅವರ ಬದುಕಿನ ಜೊತೆ ಆಟವಾಡುತ್ತಾನೆ. ಆದರೆ ಈ ಮಾತು ನನ್ನ ವಾದವನ್ನು ಅಳಿಸುವುದಿಲ್ಲ, ಅದರ ದಿಕ್ಕನ್ನು ತಿದ್ದುತ್ತದೆ. ಹೊರಗಿನವರಿಗೆ ಪರೀಕ್ಷೆಯ ಬಾಗಿಲು ಮೊದಲು ಬೇಕಾಗಿರುವುದು ಹುಮ್ಮಸ್ಸಿನಿಂದ ಬಿಡುವವರಿಗಲ್ಲ, ಬಿಡಿಸಿಕೊಂಡವರಿಗೆ. ಮದುವೆಗೆ, ಸಾಲಕ್ಕೆ, ಮುಂಬಯಿಯ ಕೂಲಿಗೆ ಓದು ನಿಲ್ಲಿಸಿದವರ ಸಂಖ್ಯೆ ಈ ಭಾಗದಲ್ಲಿ ಸಣ್ಣದಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿದಾಗ ಈ ಜಿಲ್ಲೆ ಶೇ 65ರ ಆಸುಪಾಸಿನಲ್ಲಿತ್ತು. ಕಲಬುರಗಿ ಬಳಿಯ ಸಾವಳಗಿಯಲ್ಲಿ 1942ರಲ್ಲಿ ಹುಟ್ಟಿದ, ಗಿರಣಿ ಕಾರ್ಮಿಕನ ಮಗಳು ಗೀತಾ ನಾಗಭೂಷಣ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿ ದುಡಿಯುತ್ತಲೇ ಮುಂದಿನ ಓದು ಮುಗಿಸಿದರು, ಅಧ್ಯಾಪಕಿಯಾದರು, ‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ದುಡಿಮೆಯೋ ಓದೋ ಒಂದನ್ನು ಆರಿಸಿಕೋ ಎಂಬ ಷರತ್ತು ಬಿಗಿಯಾಗಿದ್ದರೆ ಅವರು ಓದು ಬಿಡಬೇಕಾಗುತ್ತಿತ್ತು.

ಸರ್ಕಾರದ ಲೆಕ್ಕದಲ್ಲಿ ಬಿಟ್ಟವರು ಇಲ್ಲವೇ ಇಲ್ಲ. ಯುವನಿಧಿ ಯೋಜನೆ ಪದವೀಧರ ನಿರುದ್ಯೋಗಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುತ್ತದೆ. ಐದನೇ ಸೆಮಿಸ್ಟರಿಗೆ ನಿಂತವನಿಗೆ ಸೊನ್ನೆ. ಅವನಿಗೆ ಕೆಲಸ ಬೇಡವೇ, ಹಸಿವಿಲ್ಲವೇ? ಅವನು ನಾಲ್ಕು ಸೆಮಿಸ್ಟರಿನಲ್ಲಿ ಕಲಿತದ್ದು ಐದನೆಯದರಲ್ಲಿ ಆವಿಯಾಗಿ ಹೋಗುವುದಿಲ್ಲವಲ್ಲ?

ಹಾಗಾದರೆ ಎಲ್ಲಿಂದ ಹಿಡಿಯಬೇಕು? ಹೊಸ ಕಟ್ಟಡ ಬೇಕಿಲ್ಲ. 1958ರಿಂದ ಇರುವ ಪಿಡಿಎ ಎಂಜಿನಿಯರಿಂಗ್ ಕಾಲೇಜು, 1980ರ ಗುಲಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಇವೆಲ್ಲವುಗಳ ಜೊತೆಗೆ ಪಾಲಿಟೆಕ್ನಿಕ್, ಐಟಿಐಗಳೂ ಸುತ್ತಮುತ್ತ ಇವೆ. ಪ್ರಯೋಗಾಲಯಗಳನ್ನು ಭಾನುವಾರ ತೆರೆದು, ಶುಲ್ಕ ಕಟ್ಟಿದ ಯಾರಿಗೇ ಆಗಲಿ ವಿಷಯವಾರು ಪರೀಕ್ಷೆ ನಡೆಸಬಹುದು. ಪಾಸಾದ ವಿಷಯಗಳು ಎಷ್ಟು ವರ್ಷಕ್ಕೆ ಸೇರಿದರೂ ಡಿಪ್ಲೊಮಾ, ಪದವಿ ಎಂದು ಒಪ್ಪಬಹುದು. 371ಜೆ ನೇಮಕಾತಿಯಲ್ಲಿ ಕಾಲೇಜಿನ ಕಾಗದಕ್ಕೂ ಈ ಕಾಗದಕ್ಕೂ ಭೇದ ಮಾಡಬಾರದು. ಎಲ್ಲ ವಿಷಯಕ್ಕೂ ಇದು ಸಲ್ಲುವುದಿಲ್ಲವೆಂದು ಒಪ್ಪುತ್ತೇನೆ. ರೋಗಿಯ ಮೈಮೇಲೆ ಕಲಿಯಬೇಕಾದ ವೈದ್ಯಕೀಯ, ನರ್ಸಿಂಗ್‌ಗೆ ಆಸ್ಪತ್ರೆಯ ವಾರ್ಡೂ ಮೇಲೆ ನಿಂತು ನೋಡುವ ಹಿರಿಯರೂ ಬೇಕೇ ಬೇಕು. ಆದರೆ ವಾಣಿಜ್ಯ, ಭಾಷೆ, ಇತಿಹಾಸ, ಗಣಿತ, ಎಲೆಕ್ಟ್ರಿಕಲ್ ಡಿಪ್ಲೊಮಾ, ಸಾಫ್ಟ್‌ವೇರ್ ಇವುಗಳಿಗೆ ಕಡ್ಡಾಯ ಹಾಜರಾತಿ ಏಕೆ ಬೇಕೆಂದು ವಿಶ್ವವಿದ್ಯಾಲಯಗಳು ಕಾರಣ ಕೊಡಬೇಕು. ಕಾರಣ ‘ತರಗತಿಯಲ್ಲಿ ಅಂಥ ಪಾಠ ನಡೆಯುತ್ತದೆ, ಹೊರಗೆ ಸಿಗದು’ ಎಂಬುದಾದರೆ ವಿದ್ಯಾರ್ಥಿಗಳು ತಾವಾಗಿಯೇ ಬಂದು ಕೂರುತ್ತಾರೆ, ಹಾಜರಿ ಪುಸ್ತಕದ ಅಗತ್ಯ ಬೀಳುವುದಿಲ್ಲ. ಕಾರಣ ಬೇರೆಯಾದರೆ ಅದನ್ನೂ ಬಾಯಿಬಿಟ್ಟು ಹೇಳಲಿ.