ಮನೆಗೆ ಮನೆ ಸೇರಿಸುವವರು



ಸುಗ್ಗಿ ಮುಗಿಯಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆಯಿಂದ ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು, ಪುಣೆ, ಗೋವಾಗಳಿಗೆ ದುಡಿಯಲು ಹೊರಡುತ್ತವೆ. ಕೆಲಸವೇನೋ ಸಿಕ್ಕೀತು, ತಲೆಯ ಮೇಲೊಂದು ಸೂರು? ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಬಹುಕಾಲದ ರೂಢಿ. ತಿಂಗಳಿಗೆ 6,000 ರೂಪಾಯಿಯ ಕೋಣೆಗೆ 60,000 ರೂಪಾಯಿ ಮೊದಲೇ ಎಣಿಸಬೇಕು. ಗಾರೆ ಕೆಲಸದವನು ಎಲ್ಲಿಂದ ತಂದಾನು?

ಈಗ ಇನ್ನೊಂದು ಬದಲಾವಣೆ ಬಂದಿದೆ. ಕಂಪನಿಗಳು ಇಡೀ ಕಟ್ಟಡವನ್ನೇ ಮಾಲೀಕರಿಂದ ಗುತ್ತಿಗೆ ಹಿಡಿದು, ಒಂದೊಂದು ಹಾಸಿಗೆಗೆ ಇಷ್ಟೆಂದು ಬಾಡಿಗೆ ಪಡೆಯುತ್ತವೆ. ಒಂದೇ ಸಂಬಳದ ಸಂಸಾರದೆದುರು ಮೂವರು ನೌಕರರ ಮೂರು ಸಂಬಳ ಪೈಪೋಟಿಗೆ ನಿಂತರೆ ಸೋಲುವುದು ಸಂಸಾರವೇ. ಆ ದರವನ್ನು ನೋಡಿ ಪಕ್ಕದ ಮನೆಯವರೂ ಬಾಡಿಗೆ ಏರಿಸುತ್ತಾರೆ. ನ್ಯಾಯವಾಗಿ ಇದನ್ನೂ ಹೇಳಬೇಕು: ಕಂಪನಿ ಸಾಮಾನ್ಯವಾಗಿ ಜಾತಿ ಕೇಳುವುದಿಲ್ಲ, ಸಣ್ಣ ಮಾಲೀಕರಲ್ಲಿ ಅನೇಕರು ಮೊದಲು ಕೇಳುವುದೇ ಅದನ್ನು. (ನಮ್ಮವರಲ್ಲೂ ಅಂಥವರಿಲ್ಲವೇ?) ಆದರೆ ಮಗು ಕಾಯಿಲೆ ಬಿದ್ದ ತಿಂಗಳು ಮಾಲೀಕನ ಬಾಗಿಲು ತಟ್ಟಿ ವಾರದ ಗಡುವು ಬೇಡಬಹುದು. ಕಂಪನಿಯ ಬಾಗಿಲು ಎಲ್ಲಿದೆ?

ಹೊರದೇಶಗಳಲ್ಲಿ ಇದು ಇನ್ನೂ ಮುಂದೆ ಹೋಗಿದೆ. ಜರ್ಮನಿಯ ಬರ್ಲಿನ್ ನಗರದಲ್ಲಿ 3,000ಕ್ಕಿಂತ ಹೆಚ್ಚು ಮನೆಗಳಿರುವ ಕಂಪನಿಗಳ ಆಸ್ತಿ ಸಾರ್ವಜನಿಕರದಾಗಬೇಕೆಂದು 2021ರ ಸೆಪ್ಟೆಂಬರಿನಲ್ಲಿ ನೂರಕ್ಕೆ 59 ಮಂದಿ ಮತ ಹಾಕಿದರು. ನಮ್ಮ ದೇಶದಲ್ಲೋ, 2011ರ ಜನಗಣತಿ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಇವೆಯೆಂದು ಎಣಿಸಿತು. ಮನೆಗಳಿವೆ, ಬೀಗವೂ ಇದೆ!

ಮನೆಗೆ ಮನೆ, ಹೊಲಕ್ಕೆ ಹೊಲ ಸೇರಿಸಿಕೊಂಡು ಬೇರೆಯವರಿಗೆ ಸ್ಥಳವೇ ಇಲ್ಲದಂತೆ ಮಾಡುವವರಿಗೆ ಪ್ರವಾದಿ ಯೆಶಾಯ ತನ್ನ ಗ್ರಂಥದ 5ನೆಯ ಅಧ್ಯಾಯದಲ್ಲಿ ಧಿಕ್ಕಾರ ನುಡಿಯುತ್ತಾನೆ. ಆ ಕಾಲದಲ್ಲಿ ಕಂಪನಿಗಳಿರಲಿಲ್ಲ, ಆಸೆಯಿತ್ತು. ವಸತಿಯಿಲ್ಲದವರ ವರ್ಷವಾದ 1987ರಲ್ಲಿ, ಮನೆಯಿಲ್ಲದ ನಿನ್ನ ಸಹೋದರನಿಗೆ ನೀನೇನು ಮಾಡಿದೆ ಎಂದು ವ್ಯಾಟಿಕನ್ ಒಂದು ದಾಖಲೆಯ ಮೂಲಕ ನಮ್ಮನ್ನು ಕೇಳಿತು.

ನಿಮ್ಮಲ್ಲಿ ಕೆಲವರಿಗೆ ನಗರದಲ್ಲಿ ಎರಡನೆಯ ಮನೆಯಿದೆ. ಕಂಪನಿಯ ಏಜೆಂಟು ಹೆಚ್ಚಿನ ಹಣದ ಆಸೆ ತೋರಿಸಿ ಬಂದಾಗ, ಈಗ ಅಲ್ಲಿರುವ ಸಂಸಾರ ಎಲ್ಲಿಗೆ ಹೋಗುತ್ತದೆಂದು ಸಹಿ ಹಾಕುವ ಮೊದಲು ಕೇಳಿ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡವೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯಿದೆಯೇ ಹೇಳುತ್ತದೆ. ಅಷ್ಟೇ ಪಡೆಯಿರಿ, ರಸೀದಿ ಕೊಡಿ. ಊರ ಹೆಸರು ಕೇಳಿ ಬಾಗಿಲು ಹಾಕಬೇಡಿ.